ಜಾತ್ರೆಗೆ ಬಂದ ನೆಂಟರು ಕೊಟ್ಟ ದುಡ್ಡು: ಮಕ್ಕಳ ಕೈಗೇ ಬಿಡಬೇಕಾ, ನಾವು ಎತ್ತಿಡಬೇಕಾ?

ಬೆಣ್ಣೆದೋಸೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ದಾವಣಗೆರೆ. ಮನೆಯವರಿಗೆ ಮಂಡಿಪೇಟೆ ಕಡೆ ಸಣ್ಣದೊಂದು ಹಾರ್ಡ್‌ವೇರ್ ಅಂಗಡಿ ಇದೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗ ಆರನೇ ಕ್ಲಾಸು, ಹನ್ನೊಂದು ತುಂಬಿದೆ. ಮಗಳು ಎರಡನೇ ಕ್ಲಾಸು, ಏಳು ವರ್ಷ.

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬಂತು ಅಂದರೆ ನಮ್ಮ ಮನೆ ಛತ್ರ. ಹರಿಹರ, ರಾಣೆಬೆನ್ನೂರು, ಚಿತ್ರದುರ್ಗ, ಎಲ್ಲ ಕಡೆಯಿಂದ ನೆಂಟರು. ಹೊರಡುವಾಗ ಒಬ್ಬೊಬ್ಬರೂ ಮಕ್ಕಳ ಕೈಗೆ ನೋಟು ತುರುಕುತ್ತಾರೆ. "ಅಯ್ಯೋ ಬೇಡ ಬಿಡಿ ಅತ್ತೆ" ಅಂತ ನಾನು, "ನಿಂಗಲ್ಲವ್ವ ಕೊಡ್ತಿರೋದು, ಮಗೀಗೆ" ಅಂತ ಅವರು. ಬಾಗಿಲಲ್ಲಿ ಐದು ನಿಮಿಷ ಇದೇ ಜಗ್ಗಾಟ. ಈ ಸಲ ಮಗನಿಗೆ 3,200 ರೂಪಾಯಿ ಆಯಿತು, ಮಗಳಿಗೆ 2,700. (ಗಂಡು ಹುಡುಗ ಅಂತ ಅವನಿಗೆ 100 ಜಾಸ್ತಿ ಕೊಡುವ ಹಿರಿಯರು ಇನ್ನೂ ಇದ್ದಾರೆ. ಅದು ಬೇರೆ ಚರ್ಚೆ.)

ಈ ಸಲ ನಾನು ಕಿತ್ತುಕೊಳ್ಳಲಿಲ್ಲ, ಅವರ ಕೈಯಲ್ಲೇ ಬಿಟ್ಟೆ. ಮಗ ಆನ್‌ಲೈನ್‌ನಲ್ಲಿ 899ಕ್ಕೆ ಒಂದು ಸ್ಮಾರ್ಟ್ ವಾಚ್ ತರಿಸಿದ. ಒಂದು ಬ್ಯಾಟ್ ತಗೊಂಡ. ಉಳಿದದ್ದು ಗೆಳೆಯರ ಜೊತೆ ಗೋಬಿ ಮಂಚೂರಿ, ಐಸ್‌ಕ್ರೀಮು ಅಂತ ಹೋಯಿತು. ವಾಚಿನ ಸ್ಕ್ರೀನು ಆಗಲೇ ಕಪ್ಪಾಗಿದೆ. ಈಗ "ಅಮ್ಮ, ಒಳ್ಳೇದು 1,800ಕ್ಕೆ ಬರುತ್ತೆ" ಅಂತ ಹಿಂದೆ ಬಿದ್ದಿದ್ದಾನೆ.

ಮಗಳದು ಪೂರ್ತಿ ಉಲ್ಟಾ. ಒಂದು ರೂಪಾಯಿ ಬಿಚ್ಚಲ್ಲ. ಬೀಗ ಇರುವ ಒಂದು ತಗಡಿನ ಡಬ್ಬಿ ಇದೆ, ಎಲ್ಲ ಅದರೊಳಗೆ. ಐದು ರೂಪಾಯಿ ಪೆನ್ಸಿಲ್ ಬೇಕಾದರೂ "ಅಮ್ಮ ನೀನು ಕೊಡು" ಅಂತಾಳೆ. ಮೊನ್ನೆ ಗ್ಯಾಸ್ ಸಿಲಿಂಡರ್ ಬಂದಾಗ ಮನೆಯಲ್ಲಿ ನೋಟು ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಇವರು ಅವಳ ಡಬ್ಬಿಯಿಂದ 500 ತೆಗೆದು ಕೊಟ್ಟರು, ಆಮೇಲೆ ಹಾಕಿದರಾಯಿತು ಅಂತ. ಅದಕ್ಕೆ ಮುಖ ಊದಿಸಿಕೊಂಡು ಕೂತಿದ್ದಳು. ಮಕ್ಕಳು ಅಲ್ವಾ, ಅದೇನು ದೊಡ್ಡ ವಿಷಯವಲ್ಲ ಬಿಡಿ.

ನನ್ನ ಚಿಂತೆ ಬೇರೆ. ಒಬ್ಬ ನೀರಿನ ಹಾಗೆ ಸುರಿಯುತ್ತಾನೆ, ಒಬ್ಬಳು ಬಿಚ್ಚೋದೇ ಇಲ್ಲ. ಇಬ್ಬರಿಗೂ ಹದ ಕಲಿಸೋದು ಹೇಗೆ? ವಾರಕ್ಕಿಷ್ಟು ಅಂತ ಪಾಕೆಟ್ ಮನಿ ಕೊಡಬೇಕಾ? ಕೊಟ್ಟರೆ ಎಷ್ಟು? ನಮ್ಮ ಅತ್ತೆ "ಮಕ್ಕಳ ಕೈಗೆ ದುಡ್ಡು ಕೊಟ್ಟರೆ ಕೆಟ್ಟು ಹೋಗ್ತಾವೆ" ಅಂತಾರೆ. ನಮ್ಮ ಓರಗಿತ್ತಿ ಕಸ ಗುಡಿಸಿದರೆ 5, ಗಿಡಕ್ಕೆ ನೀರು ಹಾಕಿದರೆ 5 ಅಂತ ಗೋಡೆಗೆ ಪಟ್ಟಿ ಅಂಟಿಸಿದ್ದಾಳೆ. ಅದು ನನಗೆ ಸರಿ ಕಾಣಲ್ಲ, ಆದರೆ ಯಾಕೆ ಅಂತ ಹೇಳೋಕೂ ಬರಲ್ಲ.

ಇನ್ನೊಂದು, ಮಗನಿಗೆ ಫೋನಿನಲ್ಲಿ ಎಷ್ಟು ಬೇಕಾದರೂ ದುಡ್ಡು ಇದೆ ಅನ್ನೋ ಭಾವನೆ. "ಇಲ್ಲ" ಅಂದರೆ "ಸ್ಕ್ಯಾನ್ ಮಾಡಮ್ಮ" ಅಂತಾನೆ. ಅನುಭವ ಇದ್ದವರು ಹೇಳಿ.

---

ಪಿಗ್ಮಿ ಮಾಮ, ಕುಂದಾಪುರ

ತಂಗಿ, ನೀವು ದೊಡ್ಡ ವಿಷಯವಲ್ಲ ಅಂತ ಬಿಟ್ಟದ್ದು ಉಂಟಲ್ಲ, ಆ ಸಿಲಿಂಡರಿನ 500, ನನ್ನ ಪ್ರಕಾರ ಅಲ್ಲಿಂದಲೇ ಶುರು ಮಾಡಬೇಕು. ಆ ದುಡ್ಡು ವಾಪಸ್ ಡಬ್ಬಿಗೆ ಬಿತ್ತಾ? ನೀವು ಬರೆಯಲಿಲ್ಲ. ಬಿದ್ದಿಲ್ಲ ಅಂತಲೇ ಲೆಕ್ಕ ಹಿಡಿಯುತ್ತೇನೆ, ತಪ್ಪಾದರೆ ಕ್ಷಮಿಸಿ.

ನಾನು ಪಿಗ್ಮಿ ಏಜೆಂಟ್ ಆಗಿದ್ದವನು. 1986ರಲ್ಲಿ ಚೀಲ ಹೆಗಲಿಗೆ ಹಾಕಿದ್ದು, ಮೊಣಕಾಲು ಹೋದ ಮೇಲೆ ಇಳಿಸಿದೆ. ಘಟ್ಟದ ಮೇಲಿನ ಈಗಿನ ಮಕ್ಕಳಿಗೆ ಪಿಗ್ಮಿ ಅಂದರೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಎರಡು ಮಾತು. ನಮ್ಮ ಉಡುಪಿಯಲ್ಲಿ 1925ರಲ್ಲಿ ಒಂದು ಬ್ಯಾಂಕು ಶುರುವಾಯಿತು, ಬರೀ 8,000 ರೂಪಾಯಿ ಬಂಡವಾಳದಲ್ಲಿ. ಕೈಮಗ್ಗದವರ ಕಷ್ಟ ನೋಡಿ ಶುರು ಮಾಡಿದ್ದು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. ಅದನ್ನು ಕಟ್ಟಿದವರಲ್ಲಿ ಒಬ್ಬರು ಮಣಿಪಾಲದ ಡಾ. ಟಿ.ಎಂ.ಎ. ಪೈ. 1928ರಲ್ಲಿ ಪಿಗ್ಮಿ ತಂದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಜನ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಾರೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವವರೂ ಹಾಗೆ ಖಾತೆದಾರರಾದರು.

ನನ್ನ ಲೈನಿನಲ್ಲಿ ಮೀನು ಮಾರುವ ಹೆಂಗಸರು, ಹೋಟೆಲ್ ಕ್ಲೀನರ್‌ಗಳು, ಗೂಡಂಗಡಿಯವರು, ರಿಕ್ಷಾದವರು. ಪಿಗ್ಮಿಗೆ ಬಡ್ಡಿ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಮಾರಾಯ್ರೆ. ಅವಧಿಗೆ ಮೊದಲೇ ತೆಗೆದರೆ ಅದೂ ಕಮ್ಮಿ. ಆದರೂ ಕೊಡುತ್ತಿದ್ದರು. ಒಬ್ಬರು ಮೀನಿನ ಅಮ್ಮ ಸೊಂಟದ ಚೀಲದಿಂದ ಒದ್ದೆ ನೋಟು ತೆಗೆದು ಕೊಡುವಾಗ ಹೇಳುತ್ತಿದ್ದರು, "ಮನೆಗೆ ಹೋಗುವುದರೊಳಗೆ ತೆಗೆದುಕೊಂಡು ಹೋಗಿ, ಮನೆಗೆ ಹೋದರೆ ಅದು ನನ್ನದಲ್ಲ." ಗಂಡ ಕೇಳುತ್ತಾನೆ, ಮಗ ಕೇಳುತ್ತಾನೆ, ಮೈದುನ ಕೇಳುತ್ತಾನೆ. ಕೊಡದಿದ್ದರೆ ಜಗಳ, ಕೊಟ್ಟರೆ ವಾಪಸಿಲ್ಲ.

ನಿಮ್ಮ ಮಗಳಿಗೆ ಏಳು ವರ್ಷಕ್ಕೆ ಅದೇ ಕಥೆ ಆಯಿತಲ್ಲ. ಬೀಗ ಹಾಕಿಟ್ಟರೂ ದೊಡ್ಡವರು ತೆಗೆಯಬಹುದು, ಯಾವಾಗ ಬರುತ್ತದೋ ಗೊತ್ತಿಲ್ಲ, ಕೇಳಿದರೆ "ಚಿಕ್ಕ ವಿಷಯ" ಅಂತ ನಗುತ್ತಾರೆ. ನಿಮ್ಮ ಮಗ ಬಂದ ಕೂಡಲೇ ಖಾಲಿ ಮಾಡಿದ್ದಕ್ಕೂ ಇದೇ ಕಾರಣ ಇರಬಹುದು. ಹೋದ ಜಾತ್ರೆಯ ದುಡ್ಡು ಎಲ್ಲಿ ಹೋಯಿತು ಅಂತ ಅವನನ್ನು ಕೇಳಿ ನೋಡಿ. "ಈ ಸಲ ಕಿತ್ತುಕೊಳ್ಳಲಿಲ್ಲ" ಅಂತ ನೀವೇ ಬರೆದಿದ್ದೀರಿ. ಹಿಂದೆಲ್ಲ ಕಿತ್ತುಕೊಂಡದ್ದು ಅವನಿಗೆ ನೆನಪಿಲ್ಲದೆ ಇರುತ್ತದಾ? ಉಳಿಸಿದರೆ ಅಪ್ಪ ಅಮ್ಮ ತೆಗೆದುಕೊಳ್ಳುತ್ತಾರೆ, ತಿಂದರೆ ಯಾರೂ ಹೊಟ್ಟೆಯಿಂದ ತೆಗೆಯಲಿಕ್ಕಿಲ್ಲ. ಹುಡುಗನ ಲೆಕ್ಕ ಸರಿಯಾಗಿಯೇ ಉಂಟು!

ಬೈಯುತ್ತಿಲ್ಲ ತಂಗಿ. ನಮ್ಮಲ್ಲಿ ಎಲ್ಲ ಮನೆಯಲ್ಲೂ ಇದೇ. ನೆಂಟರು ಕೊಟ್ಟದ್ದು ಅಮ್ಮನ ಪರ್ಸಿಗೆ, ಅಲ್ಲಿಂದ ಇನ್ನೊಬ್ಬ ನೆಂಟರ ಮಗುವಿನ ಕೈಗೆ. ಮದುವೆಯ ಮುಯ್ಯಿಯ ಹಾಗೆ ತಿರುಗುತ್ತಾ ಇರುತ್ತದೆ. ಆ ವ್ಯವಹಾರವೇ ಹಾಗಾದರೆ ಮಕ್ಕಳಿಗೆ ಅದನ್ನೂ ಹೇಳಿಬಿಡಿ: ಇದರಲ್ಲಿ ಇಷ್ಟು ನಿನ್ನದು, ಇಷ್ಟು ಮನೆಯದು, ಯಾಕೆಂದರೆ ನಾಳೆ ನಾವೂ ಅವರ ಮಕ್ಕಳಿಗೆ ಕೊಡಬೇಕು. ಆದರೆ "ನಿನ್ನದು" ಅಂದ ಮೇಲೆ ಕೈ ಹಾಕಬೇಡಿ.

ನಾನು ನನ್ನ ಮೊಮ್ಮಕ್ಕಳಿಗೆ ಮಾಡಿದ್ದು ಹೇಳುತ್ತೇನೆ. ಹಳೇ ಪಿಗ್ಮಿ ಕಾರ್ಡಿನ ಹಾಗೆಯೇ ರಟ್ಟಿನಲ್ಲಿ ಒಂದು ಕಾರ್ಡು. ತಾರೀಕು, ಕೊಟ್ಟದ್ದು, ತೆಗೆದದ್ದು, ಬಾಕಿ, ನನ್ನ ಸಹಿ. ಸಂಜೆ ದೀಪ ಹಚ್ಚಿದ ಮೇಲೆ ನನ್ನ ಹಳೇ ಚೀಲ ಹಾಕಿಕೊಂಡು ಬಾಗಿಲು ತಟ್ಟುತ್ತೇನೆ, "ಪಿಗ್ಮೀ..." ಅಂತ. ಕೊಟ್ಟರೆ ಬರೆಯುವುದು, ಇಲ್ಲ ಅಂದರೆ "ಆಯ್ತು, ನಾಳೆ ಬರ್ತೇನೆ" ಅಂತ ಹೋಗುವುದು. ಯಾಕೆ ಇಲ್ಲ ಅಂತ ಕೇಳುವ ಹಾಗಿಲ್ಲ. ಖಾತೆದಾರರನ್ನು ಹಾಗೆಲ್ಲ ಕೇಳಲಿಕ್ಕುಂಟಾ? ತಿಂಗಳಿಡೀ ಮುಟ್ಟದೆ ಇಟ್ಟ 100ಕ್ಕೆ 2 ರೂಪಾಯಿ ಅಜ್ಜನ ಬಡ್ಡಿ. ನಿಜವಾದ ಬ್ಯಾಂಕು ಇಷ್ಟು ಕೊಡುವುದಿಲ್ಲ ಅಂತ ಹೇಳಿಯೇ ಕೊಡುತ್ತೇನೆ. ಎಂಟು ವರ್ಷದವನಿಗೆ ವರ್ಷಕ್ಕೆ ನೂರಕ್ಕೆ ನಾಲ್ಕು ಅಂದರೆ ಕಣ್ಣಿಗೆ ಕಾಣಿಸುವುದೇ ಇಲ್ಲ.

ಮುಖ್ಯವಾದದ್ದು ತೆಗೆಯುವ ದಿನ. ಒಮ್ಮೆ ದೊಡ್ಡ ಮೊಮ್ಮಗ ಬಂದು 180 ರೂಪಾಯಿ ಬೇಕು ಅಂದ. ಎಂಥದಕ್ಕೆ ಅಂತ ನನ್ನ ಬಾಯಿಯ ತುದಿಯವರೆಗೆ ಬಂತು, ನುಂಗಿದೆ. ಎಣಿಸಿ ಕೊಟ್ಟೆ, ಕಾರ್ಡಿನಲ್ಲಿ ಬರೆದೆ, ಅವನ ಸಹಿ ತೆಗೆದುಕೊಂಡೆ. ಬಣ್ಣದ ಗಾಳಿಪಟ ತಂದ, ಅದು ಎರಡನೇ ದಿನ ತೆಂಗಿನ ಗರಿಯಲ್ಲಿ ಸಿಕ್ಕಿಕೊಂಡಿತು. ನಾನು ಒಂದು ಮಾತು ಆಡಲಿಲ್ಲ. ಕಾರ್ಡು ತೆಗೆದು ಬಾಕಿ ನೋಡುತ್ತಾ ಕೂತಿದ್ದ, ಅಷ್ಟೇ ಸಾಕಲ್ಲವಾ? ಕೇಳಿದ ದಿನ ಕೊಡದ ಬ್ಯಾಂಕಿಗೆ ಮಾರನೇ ದಿನ ಯಾರು ದುಡ್ಡು ತಂದು ಹಾಕುತ್ತಾರೆ?

ಈಗ ನಿಮ್ಮವರಿಗೆ ಹೇಳಿ: 500ರ ಜೊತೆಗೆ 10 ಸೇರಿಸಿ, ಮಗಳ ಎದುರಿಗೇ ಕೊಡಲಿ. ಸುಮ್ನೆ ಡಬ್ಬಿಗೆ ಹಾಕುವುದಲ್ಲ, ಅವಳ ಕೈಗೆ. ಮತ್ತೆ ಬೇಕಾದಾಗ ಕೇಳಲಿ. ಅವಳು ಇಲ್ಲ ಅಂದರೆ ಬೇರೆ ಕಡೆ ನೋಡಿಕೊಳ್ಳಲಿ.

---

ಸಂತೆಪೇಟೆ ಕಿರಾಣಿ, ಅರಸೀಕೆರೆ

ಮಾಮ ಹೇಳಿದ್ದು ಸರಿ. ನಾನು ಅಂಗಡಿ ಕಡೆಯಿಂದ ಹೇಳ್ತೀನಿ ಅಕ್ಕ. ನಮ್ಮದು ಶಾಲೆ ಪಕ್ಕದ ಕಿರಾಣಿ ಅಂಗಡಿ. ದಿನಾ ನೂರಾರು ಮಕ್ಕಳು ಬರ್ತಾರೆ.

ಫೋನ್ ಬಂದ ಮೇಲೆ ಏನಾಗಿದೆ ಗೊತ್ತಾ? ಮಗು ಬರುತ್ತೆ, ಬೇಕಾದ್ದು ಎತ್ಕೊಳ್ಳುತ್ತೆ, "ಅಂಕಲ್, ಅಮ್ಮಂಗೆ ಕಾಲ್ ಮಾಡಿ, ಹಾಕ್ತಾರೆ" ಅನ್ನುತ್ತೆ. ಎಷ್ಟಾಯ್ತು ಅಂತ ಕೇಳೋದೇ ಇಲ್ಲ. ಐದನೇ ಕ್ಲಾಸಿನ ಹುಡುಗನಿಗೆ 50 ಕೊಟ್ಟು 32 ರೂಪಾಯಿ ಸಾಮಾನು ತಗೊಂಡರೆ ವಾಪಸ್ ಎಷ್ಟು ಅಂತ ತಕ್ಷಣ ಬರಲ್ಲ. ದಡ್ಡ ಅಲ್ಲ, ಚಿಲ್ಲರೆ ಕೈಲಿ ಹಿಡಿದೇ ಇಲ್ಲ ಅಷ್ಟೆ. ಅದಕ್ಕೆ ಹೇಳೋದು, ಹನ್ನೆರಡು ಹದಿಮೂರು ವರ್ಷದ ತನಕ ನೋಟು, ನಾಣ್ಯ ಕೊಟ್ಟು ಕಳಿಸಿ. ಖಾಲಿಯಾದ ಜೇಬು ಮುಟ್ಟಿದರೆ ಗೊತ್ತಾಗುತ್ತೆ. ಫೋನ್ ಖಾಲಿ ಆಗಿದ್ದು ಮಗುವಿಗೆ ಎಲ್ಲಿ ಕಾಣುತ್ತೆ?

ಮೊನ್ನೆ ಒಂದು ಹುಡುಗಿ 20 ರೂಪಾಯಿ ನೋಟು ಮುಷ್ಟಿಯಲ್ಲಿ ಹಿಡ್ಕೊಂಡು ಬಂತು. ರಬ್ಬರ್ 5, ಗೆರೆ ಪಟ್ಟಿ 10, ಒಂದು ಕಡ್ಲೆಮಿಠಾಯಿ 5. ಸರಿ ಹೋಯ್ತು. ಆಮೇಲೆ ಮಿಂಚಿನ ಸ್ಟಿಕ್ಕರ್ ಕಣ್ಣಿಗೆ ಬಿತ್ತು, ಅದು 3 ರೂಪಾಯಿ. ನಿಂತ್ಕೊಂಡು ಬೆರಳು ಮಡಚಿತು. ರಬ್ಬರ್ ವಾಪಸ್ ಕೊಟ್ಟು "2 ರೂಪಾಯಿದು ಇದೆಯಾ ಅಣ್ಣ?" ಅಂತು. ಹಿಂದೆ ನಾಲ್ಕು ಜನ ಕಾಯ್ತಿದ್ರು, ಗೊಣಗಿದ್ರು. ನಾನು ಬಿಟ್ಟೆ, ಲೆಕ್ಕ ಮುಗೀಲಿ ಅಂತ. ನಿಮ್ಮ ಮಗಳಿಗೂ ಹೀಗೆ ಮಾಡಿ. "ಪೆನ್ಸಿಲ್‌ಗೆ ನೀನೇ ಕೊಡು" ಅಂದರೆ ಕೊಡಲ್ಲ. ಬದಲಿಗೆ ತಿಂಗಳ ಪೆನ್ಸಿಲ್, ರಬ್ಬರ್ ಖರ್ಚು ಅಂತ 40 ರೂಪಾಯಿ ಅವಳ ಕೈಗೇ ಕೊಟ್ಟುಬಿಡಿ. ಉಳಿದರೆ ಅವಳಿಗೆ. ಜಿಪುಣಿ ಆಗಿದ್ದರೆ ಪೆನ್ಸಿಲ್ ಮೊಂಡಾಗೋ ತನಕ ಬರೀತಾಳೆ, ಬರೀಲಿ ಬಿಡಿ.

ಮಗನಿಗೆ ಒಂದು ಆಟ ಕಲಿಸಿ. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಪಕ್ಕದಲ್ಲೇ ಒಂದು ಗ್ರಾಂಗೆ ಎಷ್ಟು ಬೀಳುತ್ತೆ ಅಂತಲೂ ಮುದ್ರಿಸಿರುತ್ತಾರೆ. ದೊಡ್ಡವರೇ ನೋಡಲ್ಲ. ಐದು ರೂಪಾಯಿ ಬಿಸ್ಕತ್ತು ವರ್ಷಗಟ್ಟಲೆ ಐದೇ ರೂಪಾಯಿ, ಒಳಗಿನ ತೂಕ ಮಾತ್ರ ಇಳೀತಾ ಬಂದಿದೆ. ಚಿಪ್ಸು, ಖಾರ, ಬಿಡಿ ಕಡಲೆಬೀಜ, ಇವುಗಳಲ್ಲಿ ಗ್ರಾಂ ಲೆಕ್ಕದಲ್ಲಿ ಯಾವುದು ಅಗ್ಗ ಅಂತ ಅವನೇ ಹುಡುಕಲಿ. ನನ್ನ ಮಗನಿಗೆ ಹೇಳಿಕೊಟ್ಟ ಮೇಲೆ ನನ್ನ ಅಂಗಡಿಯಲ್ಲೇ ನನಗೇ ಪಾಠ ಮಾಡ್ತಾನೆ. ವ್ಯಾಪಾರಕ್ಕೆ ನಷ್ಟ, ಏನ್ ಮಾಡೋದು.

ಒಂದು ಮಾತ್ರ ದಯವಿಟ್ಟು ಬೇಡ: "ನನ್ ಮಗ ಏನ್ ಕೇಳಿದ್ರೂ ಕೊಡಿ, ತಿಂಗಳ ಕೊನೆಗೆ ಲೆಕ್ಕ ಮಾಡೋಣ" ಅನ್ನೋ ಸಾಲದ ಪುಸ್ತಕ. ಅಂಥ ಮಕ್ಕಳು ಬೆಲೆ ಕೇಳಿದ್ದು ನಾನು ನೋಡೇ ಇಲ್ಲ.

---

ಕನ್ನಡ ಸಾಲಿ ಮಾಸ್ತರ, ಗದಗ ಜಿಲ್ಲೆ

ನಮಸ್ಕಾರ ಅಕ್ಕಾರ. ನಿಮ್ಮ ಓರಗಿತ್ತಿಯವರ ಪಟ್ಟಿ ಬಗ್ಗೆ ಬರೀತೀನಿ. ಯಾಕ ಸರಿ ಕಾಣೂದಿಲ್ಲ ಅಂದ್ರ, ಕಸ ಗುಡಿಸೋದು ಮನೆಯವರ ಕೆಲಸ, ಮಗು ಮನೆಯವರಲ್ಲಿ ಒಬ್ಬರು. ಅದಕ್ಕ ಕೂಲಿ ಕೊಟ್ಟರೆ ನಾಳೆ "ಇವತ್ತು ನನಗ 5 ಬೇಡ, ನಾನು ಗುಡಿಸೂದಿಲ್ಲ" ಅಂತದ. ಲೆಕ್ಕದ ಪ್ರಕಾರ ಅದು ಸರೀನೇ, ನೀವು ಏನೂ ಅನ್ನೋ ಹಾಗಿಲ್ಲ. ದುಡ್ಡು ದುಡಿಯೋದನ್ನ ಕಲಿಸಬೇಕು ಅಂದ್ರ ಮನೆ ಕೆಲಸ ಬಿಟ್ಟು ಬೇರೆ ಏನಾದರೂ ಹುಡುಕಬೇಕು.

ನಮ್ಮ ಸರಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ಮಾಡ್ತೀವಿ, ಕೆಲವು ಕಡೆ ಮೆಟ್ರಿಕ್ ಮೇಳ ಅಂತಾರ. ಮಕ್ಕಳು ಮನೆಯಿಂದ, ಹೊಲದಿಂದ ಸಾಮಾನು ತಂದು ಶಾಲೆ ಅಂಗಳದಾಗ ಕೂತು ಮಾರ್ತಾರ. ಊರವರು ಬಂದು ಕೊಳ್ತಾರ. ಹೋದ ಸಲ ಒಬ್ಬ ಹುಡುಗಿ ಮೆಂತ್ಯದ ಸೂಡು ತಂದಿದ್ದಳು. ಅವ್ವ "ಹತ್ತಕ್ಕ ಕಮ್ಮಿ ಕೊಡಬ್ಯಾಡ" ಅಂತ ಹೇಳಿ ಕಳಿಸಿದ್ದರು. ಬೆಳಿಗ್ಗೆ ಕೆಲವು ಹೋದವು. ಹನ್ನೊಂದು ಗಂಟೆಗೆ ಬಿಸಿಲು ಏರಿತು, ಎಲೆ ಬಾಡಿದವು. ಪಕ್ಕದ ಹುಡುಗ ಪಾಲಕ್ ಐದಕ್ಕ ಇಳಿಸಿದ. ಈಕಿ ಅವ್ವನ ಮಾತು ಮೀರಲಿಕ್ಕೆ ಮನಸ್ಸಿಲ್ಲ, ನೀರು ಚಿಮುಕಿಸ್ತಾ ಕೂತಳು. ನಾನು ದೂರದಿಂದ ನೋಡ್ತಿದ್ದೆ. ಆಮೇಲೆ ಎದ್ದು ನಿಂತು "ಹತ್ತಕ್ಕ ಎರಡೂ..." ಅಂತ ಕೂಗಿದಳು ನೋಡ್ರಿ, ಅರ್ಧ ತಾಸಿನಾಗ ಖಾಲಿ. ಇದನ್ನ ನಾನು ಹಲಗೆ ಮ್ಯಾಲೆ ಹೆಂಗ ಹೇಳಿಕೊಡಲಿ?

ಇನ್ನೊಬ್ಬ ಮಿರ್ಚಿ ಹಾಕಿದ್ದ. 340 ರೂಪಾಯಿ ಗಲ್ಲಾ ಆಯ್ತು. "ಲಾಭ ಎಷ್ಟಪ್ಪಾ?" ಅಂದೆ. "340 ಸರ್!" ಎಣ್ಣಿ, ಕಡ್ಲಿಹಿಟ್ಟು, ಮೆಣಸಿನಕಾಯಿ ಅಂದೆ. "ಅದು ಮನ್ಯಾಗಿಂದು ಸರ್." ಇಡೀ ತರಗತಿ ಕೂತು ಅಸಲು ತೆಗೆದೆವು. ಉಳಿದದ್ದು 60ರ ಹತ್ತಿರ. ಹುಡುಗನ ಮುಖ ಸಪ್ಪಗಾಯ್ತು. "ಅವ್ವ ನಸುಕಿನಾಗ ಎದ್ದು ಹಿಟ್ಟು ಕಲಸಿದ್ದಕ್ಕ ಎಷ್ಟು ಹಿಡೀಬೇಕು?" ಅಂತ ಒಬ್ಬಳು ಕೇಳಿದಳು. ಅದಕ್ಕ ನನ್ನ ಹತ್ತಿರಾನೂ ಉತ್ತರ ಇರಲಿಲ್ಲ.

ನಿಮ್ಮ ಮಗ ಹನ್ನೊಂದು ವರ್ಷದವ. ನಿಮ್ಮವರ ಹಾರ್ಡ್‌ವೇರ್ ಅಂಗಡಿ ಐತಲ್ಲ. ಭಾನುವಾರ ಅರ್ಧ ದಿನ ಅಪ್ಪನ ಬಾಜೂ ಕೂಡ್ರಿಸಿ. ಕೂಲಿ ಕೊಡೋದು ಬ್ಯಾಡ. ಒಂದು ಕಿಲೋ ಮೊಳೆ ಎಷ್ಟಕ್ಕ ಬಂತು, ಎಷ್ಟಕ್ಕ ಹೋಯ್ತು, ಎಷ್ಟು ಮಂದಿ ಉದ್ರಿ ಹೇಳಿದರು, ಬರ್ಕೊಳ್ಳಲಿ. 1,800ರ ವಾಚು ಅಂದ್ರ ಅಪ್ಪ ಎಷ್ಟು ಕಿಲೋ ಮೊಳೆ ಮಾರಬೇಕು ಅಂತ ಅವನೇ ಲೆಕ್ಕ ಹಾಕ್ತಾನ. ನಿಮ್ಮ ಬ್ಲೌಸೂ ಅಷ್ಟೇ. ಲೈನಿಂಗ್, ನೂಲು, ಹುಕ್ಕು ಕಳೆದು ನಿಮಗ ಉಳಿಯೋದು ಎಷ್ಟು ಅಂತ ಮಕ್ಕಳಿಗೆ ಗೊತ್ತೈತೇನು?

---

ವೈಟ್‌ಫೀಲ್ಡ್ ಅಪ್ಪ, ಬೆಂಗಳೂರು

ಎಲ್ಲರೂ ನೋಟು, ನಾಣ್ಯ ಅಂತಿದ್ದೀರಿ. ಸ್ವಲ್ಪ ಬೇರೆ ಮಾತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ತರಕಾರಿ ಗಾಡಿಯವರೂ ಕ್ಯೂಆರ್ ತೋರಿಸ್ತಾರೆ. ನನ್ನ ಮಗಳು ಪಿಯುಸಿ. ಯುಪಿಐ ಸರ್ಕಲ್ ಅಂತ 2024ರಲ್ಲಿ ಬಂತು. ನಮ್ಮ ಖಾತೆಯಿಂದಲೇ ಮನೆಯವರೊಬ್ಬರು ಪಾವತಿ ಮಾಡುವ ವ್ಯವಸ್ಥೆ. ತಿಂಗಳಿಗೆ ಇಷ್ಟೇ ಅಂತ ಮಿತಿ ಇಡಬಹುದು (ಗರಿಷ್ಠ 15,000), ಇಲ್ಲವೇ ಪ್ರತಿ ಸಲವೂ ನಾವು ಒಪ್ಪಿದ ಮೇಲೆ ಹೋಗುವ ಹಾಗೆ ಮಾಡಬಹುದು. ಮೊದಮೊದಲು ನಾನು ಎರಡನೆಯದನ್ನು ಇಟ್ಟಿದ್ದೆ. ಮೀಟಿಂಗ್ ಮಧ್ಯೆ "ಪಾನಿಪುರಿ 40, ಒಪ್ಪಿಗೆ ಕೊಡಿ" ಅಂತ ಬರೋದು. ಸಾಕಾಗಿ ಮಿತಿಗೆ ಬದಲಾಯಿಸಿದೆ. ಈಗ ತಿಂಗಳಿಗೆ 2,000. ಇಪ್ಪತ್ತನೇ ತಾರೀಕಿಗೆ ಮುಗಿದರೆ ಉಳಿದ ದಿನ ಮನೆ ಊಟ, ಬಸ್ ಪಾಸ್. ಗಲಾಟೆ ಮಾಡಿದಳು, ನಾನು ಬಗ್ಗಲಿಲ್ಲ.

ಆದರೆ ಹನ್ನೊಂದು ವರ್ಷದವನಿಗೆ ಇದು ಬೇಡ, ಅಲ್ಲಿ ಅಂಗಡಿಯಣ್ಣನ ಮಾತಿಗೇ ನನ್ನ ಓಟು. ನಿಮ್ಮ ಫೋನಿನ ಪಿನ್ ಅವನಿಗೆ ಗೊತ್ತಿದ್ದರೆ ಇವತ್ತೇ ಬದಲಾಯಿಸಿ. ಗೇಮ್‌ಗಳಲ್ಲಿ ದುಡ್ಡು ಹಾಕುವುದಕ್ಕೂ ಪ್ಲೇ ಸ್ಟೋರ್‌ನಲ್ಲಿ ಪಾಸ್‌ವರ್ಡ್ ಕೇಳುವ ಹಾಗೆ ಇಡಿ.

ಮಗಳಿಗೆ ಸುಕನ್ಯಾ ಸಮೃದ್ಧಿ ಮಾಡಿಸಿದ್ದೀರಾ? ಹತ್ತು ವರ್ಷ ತುಂಬುವುದರೊಳಗೆ ಖಾತೆ ತೆರೆಯಬೇಕು. ವರ್ಷಕ್ಕೆ 250ರಿಂದ 1.5 ಲಕ್ಷದವರೆಗೆ ಹಾಕಬಹುದು. 15 ವರ್ಷ ಕಟ್ಟಬೇಕು, ಖಾತೆ ತೆರೆದು 21 ವರ್ಷಕ್ಕೆ ಮುಗಿಯುತ್ತೆ. ಓದಿಗೆ ಬೇಕಾದರೆ 18 ಆದ ಮೇಲೆ ಅಥವಾ ಹತ್ತನೇ ಕ್ಲಾಸ್ ಪಾಸಾದ ಮೇಲೆ ಅರ್ಧದವರೆಗೆ ತೆಗೆಯಬಹುದು. ಆದರೆ ದಯವಿಟ್ಟು ಅವಳ ಡಬ್ಬಿಯ ದುಡ್ಡು ಅದಕ್ಕೆ ಹಾಕಬೇಡಿ. ಸುಕನ್ಯಾ ನೀವು ಅವಳಿಗಾಗಿ ಮಾಡುವ ಉಳಿತಾಯ. ಏಳು ವರ್ಷದವಳ ದುಡ್ಡು ಅಷ್ಟು ವರ್ಷ ಕಾಣೆಯಾದರೆ ಸಿಲಿಂಡರಿಗೆ ಹೋದ 500ಕ್ಕೂ ಅದಕ್ಕೂ ಅವಳಿಗೆ ವ್ಯತ್ಯಾಸ ಗೊತ್ತಾಗಲ್ಲ.

---

ಬೆಣ್ಣೆದೋಸೆ, ದಾವಣಗೆರೆ

ಇಷ್ಟೊಂದು ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಮಾಮ, ನಿಮ್ಮ ಊಹೆ ಸರಿ, 500 ಬಿದ್ದಿರಲಿಲ್ಲ. ನೀವು ಬರೆದದ್ದನ್ನು ಇವರಿಗೆ ಓದಿ ಹೇಳಿದೆ. ಮೊದಲು ನಕ್ಕರು. ಆಮೇಲೆ "ನಮ್ಮಪ್ಪನೂ ನನ್ನ ಹುಂಡಿ ಒಡೆದು ಬಿತ್ತನೆ ಬೀಜ ತಂದಿದ್ದ, ಇವತ್ತಿಗೂ ಕೊಟ್ಟಿಲ್ಲ" ಅಂದರು. ರಾತ್ರಿ ಮಗಳಿಗೆ 510 ಕೊಟ್ಟರು. ಅವಳು 10 ರೂಪಾಯಿ ಯಾಕೆ ಅಂದಳು. ಬಡ್ಡಿ ಅಂದರು. "ಹಾಗಾದ್ರೆ ಇನ್ನೊಂದ್ಸಲ ತಗೋ" ಅಂತ ಅವರ ಕೈಗೇ ವಾಪಸ್ ಕೊಟ್ಟಳು! ಈಗ ಮನೆಯಲ್ಲಿ ಒಬ್ಬಳು ಬಡ್ಡಿ ಸಾಹುಕಾರ್ತಿ ತಯಾರಾಗಿದ್ದಾಳೆ, ಇದಕ್ಕೇನು ಮಾಡಲಿ ಹೇಳಿ.

ಮಗನನ್ನು ಹೋದ ಜಾತ್ರೆ ದುಡ್ಡಿನ ಬಗ್ಗೆ ಕೇಳಿದೆ. "ಅದು ನೀನು ತಗೊಂಡ್ಯಲ್ಲ, ಸ್ಕೂಲ್ ಬ್ಯಾಗ್ ತಂದೆ" ಅಂದ. ಬ್ಯಾಗಿನ ಬಣ್ಣ ಸಮೇತ ನೆನಪಿದೆ.

ಕೂಲಿ ಪಟ್ಟಿ ಬೇಡ ಅಂತ ತೀರ್ಮಾನಿಸಿದೆ, ಮಾಸ್ತರು ಹೇಳಿದ ಕಾರಣ ಓರಗಿತ್ತಿಗೆ ಹೇಳುವಷ್ಟು ಧೈರ್ಯ ಮಾತ್ರ ಇಲ್ಲ. ಮಗನಿಗೆ ವಾರಕ್ಕೆ 50, ಸೋಮವಾರ. ತಿಂಡಿ, ಗೆಳೆಯರ ಹುಟ್ಟುಹಬ್ಬದ ಪೆನ್ನು, ಎಲ್ಲ ಅದರಲ್ಲೇ. ವಾಚು ಬೇಕಾದರೆ ಅದರಲ್ಲೇ ಉಳಿಸಿಕೊಳ್ಳಲಿ. ಅತ್ತೆ ಗೊಣಗುತ್ತಿದ್ದಾರೆ, ಆದರೆ ಹಿಂದಿನಿಂದ ಅವರೇ 10 ಕೊಡುತ್ತಾರೆ ಅಂತ ನನಗೆ ಗುಮಾನಿ.

ಎರಡು ಪ್ರಶ್ನೆ ಉಳಿದಿದೆ. ಮಗನ ಹೆಸರಲ್ಲೇ ಬ್ಯಾಂಕ್ ಖಾತೆ ಆಗುತ್ತಾ, ಅವನೇ ಸಹಿ ಹಾಕುವ ಹಾಗೆ? ಮತ್ತೆ ಮಗಳ ಡಬ್ಬಿಯಲ್ಲಿ ನೋಟಿಗಿಂತ ಹತ್ತು ರೂಪಾಯಿ ನಾಣ್ಯವೇ ಜಾಸ್ತಿ. ಇಲ್ಲೊಂದು ಬ್ಯಾಂಕಿಗೆ ಹೋದರೆ ಕೌಂಟರಿನವರು "ಇಷ್ಟೊಂದು ಚಿಲ್ಲರೆ ಬೇಡಮ್ಮ" ಅಂದರು. ತರಕಾರಿಯವರು ಹತ್ತರ ನಾಣ್ಯ ನಡೆಯಲ್ಲ ಅಂತಾರೆ. ಮಗು ಪಕ್ಕದಲ್ಲೇ ಇದ್ದಳು, "ನನ್ನ ದುಡ್ಡು ಸುಳ್ಳಾ?" ಅಂತ ಕೇಳಿದಳು.

---

ಪಿಗ್ಮಿ ಮಾಮ, ಕುಂದಾಪುರ

ಸಾಹುಕಾರ್ತಿ ಓದಿ ನಕ್ಕು ನಕ್ಕು ಕೆಮ್ಮು ಬಂತು. ನಿಮ್ಮವರು ಈ ಸಲ ಚೀಟಿ ಬರೆದುಕೊಡಲಿ, ತಾರೀಕು ಹಾಕಿ.

ಮಗನಿಗೆ ಹತ್ತು ದಾಟಿದೆಯಲ್ಲ, ಆಗುತ್ತದೆ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ 2014ರಲ್ಲೇ ಬ್ಯಾಂಕುಗಳಿಗೆ ಹೇಳಿದೆ, 2025ರಲ್ಲಿ ಅದನ್ನೇ ಹೊಸದಾಗಿ ಬರೆದು ಕೊಟ್ಟಿದೆ. ಎಷ್ಟು ಮಿತಿ, ಎಟಿಎಂ ಕಾರ್ಡು ಕೊಡಬೇಕಾ ಅನ್ನುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು, ಹೋಗಿ ಕೇಳಬೇಕು. ಸಾಲ ಮಾತ್ರ ಇಲ್ಲ, ಖಾತೆಯಲ್ಲಿ ಇದ್ದಷ್ಟೇ ತೆಗೆಯಲಿಕ್ಕೆ. ಅಂಚೆ ಕಚೇರಿಯಲ್ಲೂ ಹತ್ತರ ಮೇಲಿನವರು ತಮ್ಮ ಹೆಸರಲ್ಲೇ ನಡೆಸಬಹುದು, 500 ರೂಪಾಯಿಯಲ್ಲಿ ಶುರು. ನನಗೆ ಕೇಳಿದರೆ ಅಂಚೆ ಕಚೇರಿಯೇ ಲಾಯಕ್ಕು. ಪಾಸ್‌ಬುಕ್ಕು ಕೈಯಲ್ಲಿ ಹಿಡಿಯಲಿಕ್ಕೆ ಸಿಗುತ್ತದೆ. ಫಾರಂ ಅವನೇ ತುಂಬಿಸಲಿ, ತಪ್ಪಾದರೆ ಇನ್ನೊಂದು ಫಾರಂ ಕೇಳಿ.

---

ಸಂತೆಪೇಟೆ ಕಿರಾಣಿ, ಅರಸೀಕೆರೆ

ಅಕ್ಕ, ಹತ್ತರ ನಾಣ್ಯ ಸುಳ್ಳಲ್ಲ ಅಂತ ಪುಟ್ಟಿಗೆ ಹೇಳಿ. ಬೇರೆ ಬೇರೆ ಚಿತ್ರ ಇರೋದಕ್ಕೆ ಜನಕ್ಕೆ ಗುಮಾನಿ. 14 ಥರದ ನಾಣ್ಯ ಇದೆ, ಎಲ್ಲವೂ ನಡೆಯುತ್ತೆ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. ರೂಪಾಯಿ ಚಿಹ್ನೆ ಇರೋದೂ ನಡೆಯುತ್ತೆ, ಇಲ್ಲದ್ದೂ ನಡೆಯುತ್ತೆ. ಬ್ಯಾಂಕಿನವರೂ ನಾಣ್ಯ ಬೇಡ ಅನ್ನೋ ಹಾಗಿಲ್ಲ. ನೂರು ನೂರು ಎಣಿಸಿ ಪ್ಲಾಸ್ಟಿಕ್ ಕವರಿಗೆ ಹಾಕ್ಕೊಂಡು ಹೋಗಿ, ಕ್ಯಾಷಿಯರ್‌ಗೂ ಸುಲಭ. ಮ್ಯಾನೇಜರ್ ಹತ್ತಿರ ಕೇಳಿ, ತಗೋತಾರೆ.

ಅದೂ ಬೇಡ ಅಂದರೆ ಬಸ್‌ಸ್ಟ್ಯಾಂಡ್ ಹತ್ತಿರದ ಯಾವುದಾದರೂ ಹೋಟೆಲಿಗೆ ಬೆಳಿಗ್ಗೆ ತಿಂಡಿ ಟೈಮ್ ಮುಗಿದ ಮೇಲೆ ಹೋಗಿ. ಚಿಲ್ಲರೆಗೆ ಒದ್ದಾಡ್ತಾ ಇರ್ತಾರೆ, ಒಂದೋ ಎರಡೋ ರೂಪಾಯಿದಾದ್ರೆ ಇನ್ನೂ ಖುಷಿ. ನೋಟು ಎಣಿಸಿ ಕೊಡ್ತಾರೆ. ಪುಟ್ಟಿನೂ ಕರ್ಕೊಂಡು ಹೋಗಿ, ನೋಟು ಅವಳೇ ಇಸ್ಕೊಂಡು ಎಣಿಸಲಿ. ಅವಳ ಲೆಕ್ಕ ಮುಗಿಯೋ ತನಕ ಗಲ್ಲಾದವರನ್ನ ಸ್ವಲ್ಪ ಮಾತಾಡಿಸ್ತಾ ಇರಿ.